ಬಾಣದ ಗುರುತು

ನನ್ನ ಕೋಪ ನಮ್ಮ ಲ್ಯಾಬಿನಲ್ಲಿ ಹೆಸರುವಾಸಿ. ನನಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಮೂಗಿನ ತುದಿಯಲ್ಲಿ ಕೋಪ ಇರುವವರ ಕೆಲಸ ಚೊಕ್ಕವಾಗಿರುತ್ತದೆ ಎಂದು ನಂಬಿಕೊಂಡಿದ್ದೆ.

ನಾನು ಮಾಡುವುದು ಆಯಸ್ಕಾಂತಗಳ ವಿನ್ಯಾಸ. ಕಣ ವೇಗವರ್ಧಕದ ಕೊಳವೆಯೊಳಗೆ ಓಡುವ ಕಣಗಳನ್ನು ದಾರಿ ತಪ್ಪದಂತೆ ತಿರುಗಿಸುವುದು ಇವೇ. ತೆಳ್ಳಗಿನ ಉಕ್ಕಿನ ಹಾಳೆಗಳನ್ನು ನೂರಾರು ಜೋಡಿಸಿ, ಬಿಗಿದು, ತಾಮ್ರದ ತಂತಿ ಸುತ್ತಿದರೆ ಒಂದು ಆಯಸ್ಕಾಂತ. ಮೊದಲ ಮಾದರಿಯ ಜೋಡಣೆಯನ್ನು ಹಟ ಹಿಡಿದು ಸಾಗರದ ಒಂದು ಸಣ್ಣ ವರ್ಕ್‌ಶಾಪಿಗೆ ಕೊಡಿಸಿದ್ದೆ. ಅಡಿಕೆ ಸುಲಿಯುವ ಯಂತ್ರ ಮಾಡುವ ಫಿಟ್ಟರ್ ಒಬ್ಬರದು ಅದು. ಅವರ ಕೈಕೆಲಸ ನೋಡಿದ್ದೆ, ಅದಕ್ಕೇ ಹಟ. ಪ್ರತಿ ಹಾಳೆಯ ಅಂಚಿಗೂ ಒಂದು ಬಾಣದ ಗುರುತು ಹಾಕಿಸಿ, ಎಲ್ಲ ಬಾಣಗಳೂ ಒಂದೇ ಕಡೆ ಇರಬೇಕು ಎಂದು ನಕ್ಷೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೆ.

ಅಳೆದಾಗ ಕಾಂತಕ್ಷೇತ್ರ ಎಡಗಡೆ ಕೂದಲೆಳೆಯಷ್ಟು ಹೆಚ್ಚು ಬಂತು. ದಾರಿ ತಪ್ಪಲು ಕಣಗಳಿಗೆ ಅಷ್ಟೇ ಸಾಕು. ಜೋಡಣೆ ಸರಿಯಿಲ್ಲ ಎಂದು ವರದಿ ಬರೆದೆ. ಆ ವರದಿ ಮೇಲಿನವರಿಗೆ ಹೋದರೆ ಉಳಿದ ಆಯಸ್ಕಾಂತಗಳ ಕೆಲಸ ಫಿಟ್ಟರ್ ಕೈತಪ್ಪುವುದು ಖಂಡಿತ. ಬೇಜಾರಾಯಿತು, ಆದರೆ ಕೋಪ ಅದಕ್ಕಿಂತ ಜಾಸ್ತಿ ಇತ್ತು. ಸೋಮವಾರ ಕಳಿಸೋಣವೆಂದು ಇಟ್ಟುಕೊಂಡು ನಿಟ್ಟೂರಿನ ಅತ್ತೆಯ ಮನೆಗೆ ಹೋದೆ.

ಅಲ್ಲಿ ಭತ್ತದ ಒಕ್ಕಣೆ ಮುಗಿದು ಪಿಕಪ್ ಗಾಡಿಗೆ ಹುಲ್ಲಿನ ಕಟ್ಟು ಹೇರುತ್ತಿದ್ದರು. ನಾನೂ ಗಾಡಿ ಹತ್ತಿದೆ. ನನ್ನ ಜೋಡಣೆ ಎಂದರೆ ಕೇಳಬೇಕೇ, ಎಲ್ಲ ಕಟ್ಟುಗಳ ಬುಡವೂ ಎಡಕ್ಕೆ, ತುದಿಯೆಲ್ಲ ಬಲಕ್ಕೆ. ಎದೆಮಟ್ಟ ಬರುವಷ್ಟರಲ್ಲಿ ಹೇರು ಬಲಕ್ಕೆ ವಾಲಿ, ನನ್ನನ್ನೂ ಸೇರಿಸಿಕೊಂಡು ಅಂಗಳಕ್ಕೆ ಜಾರಿತು.

ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. "ಎಂತದೇ ಇದು? ಬುಡ ಎಲ್ಲ ಒಂದೇ ಕಡೆ ಇಟ್ರೆ ಆ ಕಡೆ ದಪ್ಪ ಆಗಲ್ವಾ? ಒಂದು ಹಂಗಿಟ್ರೆ ಇನ್ನೊಂದು ಹಿಂಗಿಡ್ಬೇಕು. ಅಷ್ಟೂ ಗೊತ್ತಿಲ್ದೇ ಅದೆಂತ ಓದಿದ್ಯೋ!"

ಹುಲ್ಲಿನ ಮೇಲೆ ಕೂತಲ್ಲೇ ನನಗೆ ಆಯಸ್ಕಾಂತದ ಹಾಳೆಗಳು ನೆನಪಾದವು. ಉರುಳೆಯಿಂದ ಬಿಚ್ಚಿ ಕತ್ತರಿಸಿದ ಉಕ್ಕಿನ ಹಾಳೆಯೂ ಒಂದಂಚಿಗೆ ತುಸು ದಪ್ಪ. ಒಂದು ಹಾಳೆಯಲ್ಲಿ ಅದು ಲೆಕ್ಕಕ್ಕಿಲ್ಲ, ನೂರಾರು ಸೇರಿದರೆ ಆಯಸ್ಕಾಂತವೇ ಒಂದು ಕಡೆ ಉದ್ದವಾಗುತ್ತದೆ. ಅರ್ಧ ಹಾಳೆಗಳನ್ನು ತಿರುವಿ ಇಡಬೇಕು ಎಂಬುದು ನಮ್ಮ ವಿದ್ಯೆಯ ಮೊದಲ ಪಾಠ. ನಾನೇ ಹೊಸಬರಿಗೆ ಹೇಳಿಕೊಟ್ಟಿದ್ದೇನೆ. ಅಚ್ಚುಕಟ್ಟಿನ ಹುಚ್ಚಿನಲ್ಲಿ ಆ ಬಾಣ ಹಾಕಿಸಿದವಳೂ ನಾನೇ. ನಾಚಿಕೆಯಿಂದ ಸತ್ತುಹೋಗುವಂತಾಯಿತು.

ಅಲ್ಲಿಂದಲೇ ಫಿಟ್ಟರಿಗೆ ಫೋನ್ ಮಾಡಿ, ತಪ್ಪು ನನ್ನದು, ಬಿಚ್ಚಿ ಒಂದು ಬಿಟ್ಟು ಒಂದು ಹಾಳೆಯನ್ನು ತಿರುವಿ ಜೋಡಿಸಬೇಕು ಎಂದೆ.

"ನಂಗೆ ಆವತ್ತೇ ಅನ್ಸಿತ್ತು ಮೇಡಂ. ಜೋಡಿಸ್ತಾ ಜೋಡಿಸ್ತಾ ಒಂದು ಕಡೆ ಏರ್ತಾ ಇತ್ತು."

"ಮತ್ತೆ ಹೇಳೋದಲ್ವಾ?"

"ಬೈತೀರಿ ಅಂತ ಸುಮ್ನಾದೆ."

ಹುಲ್ಲಿನಿಂದ ಬಿದ್ದಾಗ ಆಗದ ನೋವು ಆಗ ಆಯಿತು. ವರದಿಯನ್ನು ಅಳಿಸಿ, ವಿನ್ಯಾಸದ ದೋಷ, ಹೊಣೆ ನನ್ನದು ಎಂದು ಹೊಸದಾಗಿ ಬರೆದು ಕಳಿಸಿದೆ.

ಮರುಜೋಡಣೆಯ ನಂತರ ಎಡ ಬಲ ಸರಿಯಾದವು. ಉಳಿದ ಆಯಸ್ಕಾಂತಗಳೂ ಸಾಗರದಲ್ಲೇ ತಯಾರಾಗುತ್ತಿವೆ. ಹೊಸ ನಕ್ಷೆಯ ಕೆಳಗೆ, ಅನುಮಾನ ಬಂದರೆ ಕೆಲಸ ನಿಲ್ಲಿಸಿ ಫೋನ್ ಮಾಡಿ ಎಂದು ಬರೆದು ನನ್ನ ನಂಬರ್ ಹಾಕಿದ್ದೇನೆ. ಫಿಟ್ಟರ್ ಅದನ್ನು ಅಕ್ಷರಶಃ ಪಾಲಿಸುತ್ತಾರೆ. ಮೊನ್ನೆ ಒಂದೇ ದಿನ ಏಳು ಸಲ ಫೋನ್ ಬಂತು. ಆರು ಸಲ ಅನುಮಾನ ಸುಳ್ಳಾಗಿತ್ತು, ನಾನು ಹಲ್ಲು ಕಚ್ಚಿಕೊಂಡು ಸಮಾಧಾನವಾಗಿಯೇ ಉತ್ತರ ಕೊಟ್ಟೆ. ಏಳನೆಯದು ನಿಜ, ನಕ್ಷೆಯಲ್ಲಿ ನನ್ನದೇ ತಪ್ಪು.