ಹಾರ್ಡ್ ಡಿಸ್ಕಿಗೆ ಇಟ್ಟ ಕುಂಕುಮ

“ಇದಕ್ಕೂ ಪೂಜೆ ಮಾಡಿದ್ರಾ ಸಾರ್?” ಕೋಲಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಅನ್ವರ್ ಭಾಯ್, ನನ್ನ ಹಾರ್ಡ್ ಡಿಸ್ಕಿಗೆ ಕೇಬಲ್ ಸಿಕ್ಕಿಸುವ ತೂತಿಗೆ ಟಾರ್ಚ್ ಬಿಟ್ಟು ಕೇಳಿದರು.

ಮುಳಬಾಗಿಲಿನ ನನ್ನ ಸ್ಟುಡಿಯೊಗೆ ಡಿಜಿಟಲ್ ಕ್ಯಾಮೆರಾ ಬಂದ ಮೊದಲ ವರ್ಷ ಅದು. ಆಯುಧಪೂಜೆಯಂದು ಕ್ಯಾಮೆರಾದ ಜೊತೆ ಡಿಸ್ಕಿಗೂ ಒದ್ದೆ ಕುಂಕುಮ ಮೆತ್ತಿದ್ದೆ. ಮರುದಿನದಿಂದ ಅದು ಕಂಪ್ಯೂಟರಿನಲ್ಲಿ ಒಮ್ಮೆ ಕಾಣಿಸಿ ಮಾಯವಾಗುತ್ತಿತ್ತು. ಹೋಳೂರಿನ ಮದುವೆಯೊಂದರ ಫೋಟೊಗಳೆಲ್ಲ ಅದರಲ್ಲೇ ಇದ್ದವು, ಬೇರೆ ಪ್ರತಿ ಇರಲಿಲ್ಲ. ಧಾರೆಯೆರೆದ ತಂದೆ ತಿಂಗಳೊಳಗೆ ತೀರಿಕೊಂಡಿದ್ದರು. “ಅಣ್ಣಾ, ನಮ್ ನಾಯ್ನ ಇರೋ ಒಂದು ಫೋಟೊ ಆದ್ರೂ ಕೊಡಿ” ಎಂದು, ಅಪ್ಪನನ್ನು ನಾಯ್ನ ಎಂದೇ ಕರೆಯುತ್ತಿದ್ದ ಮದುಮಗಳು ದಿನವೂ ಫೋನ್ ಮಾಡುತ್ತಿದ್ದಳು. ನಾಳೆ, ನಾಳಿದ್ದು ಎಂದು ಸುಳ್ಳು ಹೇಳಿ ನನಗೆ ಊಟ ಸೇರುತ್ತಿರಲಿಲ್ಲ.

ಭಾಯ್ ಸಣ್ಣ ಬ್ರಷ್ಷಿನಿಂದ ಮೆಲ್ಲಗೆ ಕೆರೆದರು. ಒಣಗಿದ ಕುಂಕುಮ ಕಾಗದದ ಮೇಲೆ ಉದುರಿತು. ಕೇಬಲ್ ಸಿಕ್ಕಿಸಿದಾಗ ಪರದೆಯಲ್ಲಿ ಮಗಳ ಕೈ ಹಿಡಿದು ನಿಂತ ಆ ತಂದೆ ಕಾಣಿಸಿದರು. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಭಾಯ್ ಆ ಕಾಗದವನ್ನು ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟರು. “ಪೂಜೆದು ಸಾರ್, ಕಾಲಡಿ ಬೀಳಬಾರ್ದು.”

ಆ ಪೊಟ್ಟಣ ಇಂದಿಗೂ ನನ್ನ ಮೇಜಿನಲ್ಲಿದೆ. ಆಯುಧಪೂಜೆಗೆ ಡಿಸ್ಕಿಗೆ ದೂರದಿಂದಲೇ ಕೈ ಮುಗಿಯುತ್ತೇನೆ. ಹೂವು ಮಾತ್ರ ಆ ಪೊಟ್ಟಣಕ್ಕೆ.