ಮಾವನವರ ಬಣ್ಣದ ಪಟ್ಟಿ

ದೊಡ್ಡಬಳ್ಳಾಪುರದ ನಮ್ಮ ಸೀರೆ ಮಳಿಗೆಯಲ್ಲಿ ಹುಡುಕುವ ಸರ್ವರ್ ಕೂರಿಸಿದವಳು ನಾನು. ಊರೂರಿನ ಅಂಗಡಿಯವರು ಫೋನಿನಲ್ಲಿ ಬಣ್ಣದ ಹೆಸರು ಒತ್ತಿದರೆ ಸಾಕು, ನಮ್ಮಲ್ಲಿ ಆ ಬಣ್ಣದ ಯಾವ್ಯಾವ ಸೀರೆ ಇವೆ ಎಂದು ಅದು ತೋರಿಸುತ್ತಿತ್ತು. ಮೊದಲು ಆ ಕೆಲಸ ನನ್ನ ಮಾವನವರದು. ಹೊಸಕೋಟೆಯವರು ಗಿಳಿಹಸಿರು ಎನ್ನುವುದನ್ನೇ ನೆಲಮಂಗಲದವರು ಪ್ಯಾರಟ್ ಎನ್ನುತ್ತಾರೆ. ಇಂಥದ್ದೆಲ್ಲ ಅವರ ತಲೆಯಲ್ಲಿತ್ತು. ಅದನ್ನು ಕೇಳಿ ಕೇಳಿ ಒಂದು ಪಟ್ಟಿ ಮಾಡಿ ಸರ್ವರ್‌ಗೆ ಕೊಟ್ಟೆ. ಅಂದಿನಿಂದ ಅವರನ್ನು ಯಾರೂ ಏನೂ ಕೇಳಲಿಲ್ಲ. ಮೂಲೆಯ ಕುರ್ಚಿಯಲ್ಲಿ ಪೇಪರ್ ಓದುತ್ತಾ ಕೂತಿರುತ್ತಿದ್ದರು. ನನಗೆ ಅದು ಕಾಣಲೂ ಇಲ್ಲ, ನಾನು ಬೀಗುವುದರಲ್ಲಿದ್ದೆ.

ಕಳೆದ ವರ್ಷ ಆ ಸರ್ವರ್‌ನ ಹೊಸ ಆವೃತ್ತಿ ಬಂತು. ಹಬ್ಬಕ್ಕೆ ಮನೆ ತೊಳೆಯುವ ಹುರುಪಿನಲ್ಲಿ ಹಳೆಯದನ್ನು ಪೂರ್ತಿ ಅಳಿಸಿ ಹೊಸದನ್ನು ಹಾಕಿದೆ. ಸರ್ವರ್ ಏಳಲೇ ಇಲ್ಲ. ಮೂರು ಸಲ ಎಬ್ಬಿಸಿದೆ, ಬೈದೆ, ನಾಲ್ಕನೇ ಸಲ ಅದು ಪರದೆಯ ಮೇಲೆ ಬರೆದಿದ್ದನ್ನು ಓದಿದೆ. ಬಣ್ಣದ ಪಟ್ಟಿಯ ಫೈಲು ಸಿಗುತ್ತಿಲ್ಲ, ಅದಿಲ್ಲದೆ ಶುರುವಾಗುವುದಿಲ್ಲ ಎಂದಿತ್ತು. ಹಳೆಯದರ ಜೊತೆ ಅದನ್ನೂ ಅಳಿಸಿದ್ದೆ. ನಕಲು? ಇಟ್ಟಿದ್ದರೆ ಈ ಕಥೆ ಯಾಕೆ!

ಮಾವನವರ ಮುಂದೆ ನಿಂತು ತಪ್ಪೊಪ್ಪಿಕೊಂಡೆ.

“ಮಗ್ಗಕ್ಕೆ ಹೊಸ ಹಾಸು ಹಾಕುವಾಗ ಹಳೇ ಎಳೆಗಳ ತುದಿಗೇ ತಾನೇ ಹೊಸ ಎಳೆ ಸೇರ್ಸೋದು? ನೇಕಾರರ ಮನೆ ಸೊಸೆಯಾಗಿ ಹಳೇದನ್ನೆಲ್ಲ ಕಿತ್ತು ಬಿಸಾಕ್ಬಿಟ್ಯಲ್ಲಮ್ಮಾ!”

“ಬುದ್ಧಿ ಬಂತು ಮಾವ. ಆ ಬಣ್ಣಗಳನ್ನ ಇನ್ನೊಂದ್ಸಲ ಹೇಳ್ಬಿಡಿ.”

ಪೇಪರ್ ಮಡಚಿದರು. ಹೇಳಿದರು, ಆದರೆ ಹೇಗೆ! ಒಂದೊಂದು ಬಣ್ಣಕ್ಕೂ ಒಂದೊಂದು ಪುರಾಣ, ನಡುವೆ ಕಾಫಿ. ಮಾವಿನ ಚಿಗುರಿನ ಬಣ್ಣ ಮುಗಿಯುವಷ್ಟರಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅರ್ಧಕ್ಕೇ “ಇವತ್ತಿಗಿಷ್ಟು ಸಾಕು” ಎಂದು ಎದ್ದರು. ರೇಗಲು ಬಾಯಿ ತೆರೆದವಳು ಅವರ ಮುಖ ನೋಡಿದೆ. ಅಷ್ಟು ಗೆಲುವಾದ ಮುಖ ನೋಡಿ ಎಷ್ಟು ಕಾಲವಾಗಿತ್ತು! ಅವರನ್ನು ಮೂಲೆಗೆ ಕೂರಿಸಿದವಳು ನಾನೇ ಎಂದು ಹೊಳೆದು ನಾಚಿಕೆಯಾಯಿತು.

ಅರ್ಧ ಪಟ್ಟಿಗೇ ಸರ್ವರ್ ಎದ್ದು ಕೂತಿತು. ಅದಕ್ಕೆ ಫೈಲು ಇದ್ದರಾಯಿತು, ಪೂರ್ತಿ ಇರಬೇಕೆಂದಿಲ್ಲ. ಬಣ್ಣ ಸಿಗದಿದ್ದಾಗ ಕಾಣುವ ಪುಟದಲ್ಲಿ ಮಾವನವರ ಫೋನ್ ನಂಬರ್ ಹಾಕಿ, ‘ಯಜಮಾನರನ್ನು ಕೇಳಿ’ ಎಂದು ಬರೆದೆ. ಮಧ್ಯಾಹ್ನದೊಳಗೆ ಅವರ ಫೋನು ಬಡಿದುಕೊಳ್ಳತೊಡಗಿತು. “ಹೇಳಪ್ಪಾ, ಯಾವ ಬಣ್ಣ ಬೇಕಾಗಿತ್ತು?” ಎಂಬ ದನಿ ಬೀದಿಯವರೆಗೂ ಕೇಳುತ್ತಿತ್ತು.

ಮರುದಿನ ಅವರೇ ಉಳಿದರ್ಧ ಬರೆಸಲು ನನ್ನ ಮೇಜಿನ ಹತ್ತಿರ ಬಂದರು. ಕೈತುಂಬ ಕೆಲಸವಿದೆ ಮಾವ, ಇನ್ನೊಮ್ಮೆ ಬರೆಯೋಣ ಎಂದೆ. ಇವತ್ತಿಗೂ ಅದನ್ನೇ ಹೇಳುತ್ತಿದ್ದೇನೆ.