ಕೆಂಪು ಕೋಟಿನವನು ಯಾರು?

ತುರ್ತುಪರಿಸ್ಥಿತಿಯ ಕಾಲ. ನಾನು ಮಟ್ಟಾಂಚೇರಿಯ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದೆ. ಒಲಿಂಪಿಕ್ಸ್ ಕುದುರೆ ಸವಾರಿ ಎಂದರೆ ನನಗೆ ಹುಚ್ಚು. ಹಳೆಯ ವಿದೇಶಿ ಪತ್ರಿಕೆಗಳಿಂದ ಸವಾರರ ಚಿತ್ರ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ. ಅವರ ಕೋಟು, ಟೋಪಿ, ಬೂಟುಗಳ ಬಗ್ಗೆ, ಯಾರು ಗೆಲ್ಲಬಹುದೆಂಬ ಬಗ್ಗೆ ಕನ್ನಡದಲ್ಲಿ ಬರೆದಿಡುತ್ತಿದ್ದೆ.

ಒಮ್ಮೆ ಬ್ಯಾಂಕಿನ ಕೆಲಸಕ್ಕೆ ತಿರುವನಂತಪುರಕ್ಕೆ ಹೋದಾಗ ಬಸ್ ನಿಲ್ದಾಣದಲ್ಲಿ ಪೊಲೀಸರು ನನ್ನ ಚೀಲ ತೆರೆಸಿದರು. ನೋಟ್‌ಬುಕ್ಕಿನ ಲಿಪಿ ಅವರಿಗೆ ಓದಲು ಬರಲಿಲ್ಲ. ಸೀದಾ ಠಾಣೆಗೆ ಕರೆದೊಯ್ದರು.

"ಇದರಲ್ಲೇನಿದೆ, ಮಲಯಾಳದಲ್ಲಿ ಹೇಳು," ಎಂದರು ಇನ್‌ಸ್ಪೆಕ್ಟರ್.

ನನ್ನ ಹರುಕು ಮಲಯಾಳದಲ್ಲಿ, "ಕೆಂಪು ಕೋಟಿನವನು ಮೂರನೇ ಗೋಡೆ ಹಾರುವಾಗ ಬೀಳುವುದು ಖಂಡಿತ," ಎಂದು ಓದಿದೆ.

"ಯಾವ ಜೈಲಿನ ಗೋಡೆ? ಅವನ ಜೊತೆ ಯಾರಿದ್ದಾರೆ?" ಅವರು ಲಾಠಿಯನ್ನು ಮೇಜಿನ ಮೇಲಿಟ್ಟರು.

"ಕುದುರೆ, ಸಾರ್."

ನಾನು ತಮಾಷೆ ಮಾಡಿದ್ದಲ್ಲ. ಆದರೆ ಅವರ ಮುಖ ಕೆಂಪಾಯಿತು. ಠಾಣೆಗೆ ಹೋದವರು ಮನೆಗೆ ಮರಳದ ಸುದ್ದಿಗಳನ್ನು ಕೇಳಿದ್ದೆ.

ಅಷ್ಟರಲ್ಲಿ ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಬಗ್ಗಿ ಚಿತ್ರ ನೋಡಿದರು. ಹಿಂದೆ ಅಶ್ವದಳದಲ್ಲಿದ್ದವರಂತೆ. "ಸಾರ್, ಇದು ಆಟ. ಗೋಡೆ ಮರದ್ದು, ಕೋಟು ಸವಾರರ ಉಡುಪು," ಎಂದರು.

ಇನ್‌ಸ್ಪೆಕ್ಟರ್ ನೋಟ್‌ಬುಕ್ ಮುಚ್ಚಿ, ಹೋಗೆಂದು ಕೈಬೀಸಿದರು. ಹೆಡ್ ಕಾನ್‌ಸ್ಟೇಬಲ್ ಮಾತ್ರ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ತಾವು ಸಾಕಿದ ಕುದುರೆಗಳ ಕತೆ ಶುರುಮಾಡಿದರು. ಬಿಡುಗಡೆಯಾದ ಮೇಲೂ ಎರಡು ಗಂಟೆ ಠಾಣೆಯಲ್ಲೇ ಕೂತಿದ್ದೆ. ಪೊಲೀಸರ ಮಾತನ್ನು ನಡುವೆ ತಡೆದು ಏಳುವ ಧೈರ್ಯ ಆಗ ಯಾರಿಗಿತ್ತು?